‘ಒಂದು ಹನಿಯೂ ಹೊರಗೆ ಹೋಗುವುದಿಲ್ಲ’ ಅಂದರೆ ಎಲ್ಲಿಗೆ ಹೋಗುತ್ತದೆ? ಜಲ್ಲಿ ಕ್ವಾರಿಗೆ ಅನುಮತಿ ಕೊಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಜಲ್ಲಿ ಕ್ವಾರಿಯ ಅರ್ಜಿಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ‘ಕ್ವಾರಿಯಲ್ಲಿ ಬಿದ್ದ ಮಳೆನೀರು ಒಂದು ಹನಿಯೂ ಹೊರಗೆ ಹರಿಯುವುದಿಲ್ಲ.’ ಓದಿದವರಿಗೆ ನೆಮ್ಮದಿ. ಹೊಳೆ ರಾಡಿಯಾಗುವುದಿಲ್ಲ, ಪಕ್ಕದ ಹೊಲಕ್ಕೆ ಕೆಸರು ನುಗ್ಗುವುದಿಲ್ಲ, ದೂರು ಬರುವುದಿಲ್ಲ. ಆ ಪುಟಕ್ಕೆ ಬೇಗ ಸಹಿ ಬೀಳುತ್ತದೆ.

ನೀರು ಹೊರಗೆ ಹೋಗದಿದ್ದರೆ ಮತ್ತೆಲ್ಲಿಗೆ ಹೋಯಿತು ಅಂತ ಕೇಳಬೇಕಲ್ಲವೇ? ಸ್ವಲ್ಪ ಆವಿಯಾಗುತ್ತದೆ. ಉಳಿದದ್ದೆಲ್ಲ ಕೆಳಗೆ ಇಳಿಯುತ್ತದೆ. ಕೆಳಗಿರುವುದು ಅಂತರ್ಜಲ. ಅಕ್ಕಪಕ್ಕದವರ ಬಾವಿಗೆ ಬರುವುದೂ ಅದೇ ನೀರು. ಅಂದರೆ ಆ ಸಾಲನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ: ‘ನಮ್ಮ ಕ್ವಾರಿಯ ಮಳೆನೀರನ್ನೆಲ್ಲ ನಾವು ಅಂತರ್ಜಲಕ್ಕೆ ಬಿಡುತ್ತೇವೆ.’ ಹೀಗೆ ಬರೆದಿದ್ದರೆ ನೀವು ಅಷ್ಟು ಬೇಗ ಸಹಿ ಹಾಕುತ್ತಿದ್ದಿರಾ?

ನಾನು ಕ್ವಾರಿ ಬೇಡ ಅನ್ನುವವನಲ್ಲ. ಮನೆ, ರಸ್ತೆ, ಸೇತುವೆ ಎಲ್ಲದಕ್ಕೂ ಜಲ್ಲಿ ಬೇಕು. ನನ್ನ ತಕರಾರು ಒಂದೇ. ಅರ್ಜಿಯಲ್ಲಿ ಮಳೆನೀರಿಗೆ ಒಂದು ಅಧ್ಯಾಯ, ಅಂತರ್ಜಲಕ್ಕೆ ಇನ್ನೊಂದು ಅಧ್ಯಾಯ. ಒಂದನ್ನು ಬರೆದವರು ಇನ್ನೊಂದನ್ನು ಓದಿರುವುದಿಲ್ಲ. ನಿಮ್ಮಲ್ಲೂ ಒಂದು ಒಬ್ಬರ ಮೇಜಿಗೆ, ಇನ್ನೊಂದು ಇನ್ನೊಬ್ಬರ ಮೇಜಿಗೆ ಹೋಗುತ್ತದೆ. ಬೇರೆ ಉದ್ದಿಮೆಗಳಲ್ಲಿ ಇದು ಹೇಗೋ ನಡೆದೀತು. ಜಲ್ಲಿ ಕ್ವಾರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಬೆಳಿಗ್ಗೆ ಮಳೆನೀರಾಗಿದ್ದದ್ದು ಸಂಜೆಗೆ ಅಂತರ್ಜಲ ಆಗಿರಬಹುದು.

ಬಂಡೆ ಸಿಡಿಸಿ ಕ್ರಷರ್‌ಗೆ ಹಾಕುವ ಕ್ವಾರಿಯ ಮಾತಲ್ಲ ಇದು. ಹೊಳೆಗಳು, ಹಿಮನದಿಗಳು ಸಾವಿರಾರು ವರ್ಷ ತಂದು ಸುರಿದ ನುರುಜುಗಲ್ಲು ಮತ್ತು ಮರಳಿನ ಪದರವನ್ನು ಹಾಗೇ ಅಗೆದು, ತೊಳೆದು, ಜರಡಿ ಹಿಡಿದು ಮಾರುವ ಕ್ವಾರಿಯ ಮಾತು. ಈ ಪದರದಲ್ಲಿ ಕಲ್ಲಿನ ನಡುವಿನ ಸಂದು ಒಟ್ಟು ಗಾತ್ರದ ಕಾಲು ಭಾಗದಷ್ಟಿರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಆ ಸಂದುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಳ್ಳೆಯ ಜಲ್ಲಿ ಸಿಗುವ ಜಾಗದಲ್ಲೇ ಒಳ್ಳೆಯ ನೀರೂ ಸಿಗುವುದು ಅದಕ್ಕೇ. ಕ್ವಾರಿಯವರಿಗೂ ಬಾವಿಯವರಿಗೂ ಬೇಕಾದದ್ದು ಒಂದೇ ಪದರ.

ನೆಲದೊಳಗೆ ನೀರು ಎಷ್ಟು ವೇಗವಾಗಿ ಹರಿಯುತ್ತದೆ ಅನ್ನುವ ಲೆಕ್ಕ ಹೊಸದೇನಲ್ಲ. ಫ್ರಾನ್ಸಿನ ದಿಜೋನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ 1856ರಲ್ಲೇ ಸೂತ್ರ ಕೊಟ್ಟಿದ್ದಾರೆ. ನೀರಿನ ಮಟ್ಟದ ಇಳಿಜಾರು ಎಷ್ಟು, ಪದರ ಎಷ್ಟು ಸಲೀಸಾಗಿ ನೀರು ಬಿಡುತ್ತದೆ, ಇವೆರಡನ್ನು ಗುಣಿಸಿ, ಸಂದಿನ ಪಾಲಿನಿಂದ ಭಾಗಿಸಿದರೆ ಆಯಿತು. ಜಲ್ಲಿ-ಮರಳು ಬೆರೆತ ಪದರ ನೀರು ಬಿಡುವ ಶಕ್ತಿಯನ್ನು ದಿನಕ್ಕೆ 100 ಮೀಟರ್ ಅಂತ ಇಟ್ಟುಕೊಳ್ಳೋಣ, ಇದೇನೂ ಉಬ್ಬಿಸಿದ ಸಂಖ್ಯೆಯಲ್ಲ. ಇಳಿಜಾರು 200ಕ್ಕೆ 1, ಸಂದು ಕಾಲು ಭಾಗ. ಆಗ ನೀರು ದಿನಕ್ಕೆ ಸುಮಾರು 2 ಮೀಟರ್ ಸಾಗುತ್ತದೆ. ಅರ್ಧ ಕಿಲೋಮೀಟರ್ ದೂರದ ಬಾವಿಗೆ ಎಂಟೊಂಬತ್ತು ತಿಂಗಳ ದಾರಿ. ಅದೇ ಇಳಿಜಾರಿನಲ್ಲಿ ಗಟ್ಟಿ ಜೇಡಿಮಣ್ಣಿದ್ದರೆ ವರ್ಷವಿಡೀ ಒಂದು ಬೆರಳಿನ ಅಗಲವೂ ಸಾಗುವುದಿಲ್ಲ. ಕ್ವಾರಿಯಲ್ಲಿ ಚೆಲ್ಲಿದ್ದು ಬಾವಿಗೆ ಬಂತು ಅಂತ ಯಾರಾದರೂ ದೂರು ಕೊಟ್ಟಾಗ ‘ಅಷ್ಟು ದೂರ ಹೇಗೆ ಬರುತ್ತದೆ’ ಅಂತ ನಗುವ ಮುಂಚೆ ಈ ಗುಣಾಕಾರ ಮಾಡಿ ನೋಡಿ. ಒಂದು ನಿಮಿಷ ಸಾಕು.

ಮೊದಲು ಮಳೆಯ ವಿಚಾರ ತೆಗೆದುಕೊಳ್ಳೋಣ.

ಒಂದು ಹೆಕ್ಟೇರಿನ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5 ಲಕ್ಷ ಲೀಟರ್ ನೀರು. ಹತ್ತು ಹೆಕ್ಟೇರಿನ ಕ್ವಾರಿಗೆ 50 ಲಕ್ಷ ಲೀಟರ್. ಇದು ಕ್ವಾರಿಯೊಳಗೆ ನೇರ ಬಿದ್ದ ಮಳೆ ಮಾತ್ರ. ಮೇಲಿನ ಇಳಿಜಾರಿನಿಂದ ಹರಿದು ಬಂದು ಗುಂಡಿಗೆ ಬೀಳುವ ನೀರು ಇದಕ್ಕಿಂತ ಜಾಸ್ತಿಯೂ ಇರಬಹುದು. ಅದು ಬರುವಾಗ ಚೊಕ್ಕಟವಾಗಿಯೇ ಇರುತ್ತದೆ. ಅಗೆದ ಮಣ್ಣಿನ ಮೇಲೆ ಹರಿದ ಮೇಲೆ ಬಗ್ಗಡ. ಆದ್ದರಿಂದ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲ ಕೊಡುವ ಕೆಲಸ ಅಂದರೆ ಮೇಲ್ಗಡೆ ಒಂದು ಬದು, ಒಂದು ಕಾಲುವೆ. ಚೊಕ್ಕ ನೀರನ್ನು ಕ್ವಾರಿಯ ಹೊರಗಿನಿಂದಲೇ ಸುತ್ತಿಸಿ ಅದರ ಹಳೆಯ ದಾರಿಗೆ ಬಿಟ್ಟರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಆದರೆ ಎಷ್ಟೋ ನಕ್ಷೆಗಳಲ್ಲಿ ಕಾಲುವೆ ಎಳೆದಿರುತ್ತಾರೆ, ಅಳತೆ ಇರುವುದಿಲ್ಲ. ಎಷ್ಟು ಅಗಲ, ಎಷ್ಟು ಆಳ, ಯಾವ ಮಳೆಗೆ ತಡೆಯುತ್ತದೆ? ಗೆರೆ ಎಳೆದ ಮಾತ್ರಕ್ಕೆ ನೀರು ಹರಿಯುವುದಿಲ್ಲ ಸ್ವಾಮಿ.

ಒಳಗೆ ಬಿದ್ದ ಮಳೆ ಬೇರೆ ಕಥೆ. ಕ್ವಾರಿಯ ನೆಲ ಜಲ್ಲಿಯೇ ಅಲ್ವಾ, ನೀರು ಇಂಗಿ ಹೋಗುತ್ತದೆ ಅಂತ ಅನ್ನಿಸಬಹುದು. ಟಿಪ್ಪರ್ ಓಡಾಡುವ ದಾರಿಯಲ್ಲಿ ಇಂಗುವುದಿಲ್ಲ. ಭಾರಕ್ಕೆ ಅದು ಕಾಂಕ್ರೀಟಿನಂತೆ ಗಟ್ಟಿಯಾಗಿರುತ್ತದೆ. ಮೇಲೆ ನುಣ್ಣನೆ ಧೂಳು ಬೇರೆ. ಮೊದಲ ಜೋರು ಮಳೆಗೆ ಆ ಧೂಳೆಲ್ಲ ಒಂದೇ ಸಲಕ್ಕೆ ಎದ್ದು, ಕಂದು ಬಣ್ಣದ ನೀರಾಗಿ ತಗ್ಗಿಗೆ ಓಡುತ್ತದೆ. ಆ ನೀರನ್ನು ಹಿಡಿಯುವುದಕ್ಕೇ ಹೂಳು ಕೂರುವ ಹೊಂಡ ಮಾಡುವುದು.

ಈ ಹೊಂಡದ ವಿಚಾರದಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಪಾಸಣೆಗೆ ಹೋದವರಿಗೆ ‘ನೋಡಿ ಸಾರ್, ಎಷ್ಟು ಆಳ ತೋಡಿದ್ದೇವೆ’ ಅಂತ ತೋರಿಸುತ್ತಾರೆ. ಆಳ ನೋಡಿ ಮೋಸ ಹೋಗಬೇಡಿ.

ನೀರಿನಲ್ಲಿ ಕಣ ಎಷ್ಟು ವೇಗವಾಗಿ ತಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ಸ್ಟೋಕ್ಸ್ ಅನ್ನುವವರು 1851ರಲ್ಲೇ ದಾರಿ ತೋರಿಸಿದರು. ಕಣದ ಗಾತ್ರ ಹತ್ತನೇ ಒಂದು ಭಾಗವಾದರೆ ಇಳಿಯುವ ವೇಗ ನೂರನೇ ಒಂದು ಭಾಗಕ್ಕೆ ಬೀಳುತ್ತದೆ. ಅದೇ ಇಡೀ ಕಷ್ಟದ ಮೂಲ. ಮರಳಿನ ಕಣ ಒಂದು ಮೀಟರ್ ಇಳಿಯಲು ಒಂದು ನಿಮಿಷವೂ ಬೇಡ. 0.02 ಮಿಲಿಮೀಟರ್ ಗಾತ್ರದ ಸಣ್ಣ ಕಣಕ್ಕೆ ಮುಕ್ಕಾಲು ಗಂಟೆ. 0.002 ಮಿಲಿಮೀಟರಿನ ಜೇಡಿ ಕಣಕ್ಕೆ ಮೂರು ದಿನಕ್ಕೂ ಜಾಸ್ತಿ, ಅದೂ ನೀರು ಅಲುಗಾಡದೆ ನಿಂತಿದ್ದರೆ. ಜೋರು ಮಳೆಯಲ್ಲಿ ಹೊಂಡದ ನೀರು ಮೂರು ದಿನ ಅಲುಗಾಡದೆ ನಿಲ್ಲುತ್ತದೆಯೇ?

ಇನ್ನು ಹೊಂಡದ ಗಾತ್ರ. ನೀರು ಹರಿಯುತ್ತಲೇ ಇರುವ ಹೊಂಡದಲ್ಲಿ ಯಾವ ಕಣ ಕೂರುತ್ತದೆ, ಯಾವುದು ತಪ್ಪಿಸಿಕೊಳ್ಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಹೊಂಡದ ಮೇಲ್ಮೈ, ಆಳ ಅಲ್ಲ. ಅಮೆರಿಕದ ಎಂಜಿನಿಯರ್ ಆಲೆನ್ ಹೇಜನ್ 1904ರಲ್ಲಿ ಇದನ್ನು ವಿವರಿಸಿದರು. ಸೆಕೆಂಡಿಗೆ 100 ಲೀಟರ್ ನೀರು ಬರುತ್ತಿದೆ ಅನ್ನಿ. 0.02 ಮಿಲಿಮೀಟರಿನ ಕಣ ಹಿಡಿಯಲು ಲೆಕ್ಕದ ಪ್ರಕಾರ ಸುಮಾರು 280 ಚದರ ಮೀಟರ್ ಮೇಲ್ಮೈ ಸಾಕು. 0.005 ಮಿಲಿಮೀಟರಿನದು ಹಿಡಿಯಬೇಕಾದರೆ ಸುಮಾರು 4,500 ಚದರ ಮೀಟರ್ ಬೇಕು. ಒಂದು ಎಕರೆಗಿಂತ ಜಾಸ್ತಿ! ಇದೂ ನೀರು ಹೊಂಡದ ತುಂಬ ಸಮನಾಗಿ ಹರಡಿ ಹರಿದರೆ ಮಾತ್ರ. ನಿಜವಾದ ಹೊಂಡದಲ್ಲಿ ನೀರು ಬರುವ ಬಾಯಿ, ಹೋಗುವ ಬಾಯಿ ಒಂದೇ ಮೂಲೆಯಲ್ಲಿರುತ್ತವೆ. ನೀರು ಹತ್ತಿರದ ದಾರಿ ಹಿಡಿದು ಹೊರಟೇ ಹೋಗುತ್ತದೆ, ಉಳಿದ ಹೊಂಡ ಸುಮ್ನೆ ನಿಂತಿರುತ್ತದೆ. ಎರಡು ಬಾಯಿಗಳನ್ನು ಎದುರುಬದುರು ತುದಿಗೆ ಇಡಿ, ನಡುವೆ ಒಂದೆರಡು ಅಡ್ಡಗೋಡೆ ಹಾಕಿ ನೀರನ್ನು ಸುತ್ತಾಡಿಸಿ ಅಂತ ಒಂದು ಷರತ್ತು ಬರೆಯಲು ನಿಮಗೆ ಖರ್ಚೇನೂ ಇಲ್ಲ.

ಹೊಂಡದ ಲೆಕ್ಕ ಸರಿ ಇದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿಯೊಂದಿದೆ. ಮಳೆ ಬರುವಾಗ ಹೋಗಿ. ಹೊಂಡದಿಂದ ಹೊರಗೆ ಬೀಳುವ ನೀರನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಮೇಜಿನ ಮೇಲೆ ಇಟ್ಟು ಮಾರನೇ ದಿನ ನೋಡಿ. ತಳದಲ್ಲಿ ದಪ್ಪ ಗಸಿ ಕೂತು ಮೇಲೆ ನೀರು ತಿಳಿಯಾಗಿದ್ದರೆ ಹೊಂಡ ಚಿಕ್ಕದಾಯಿತು, ಅಥವಾ ಹೂಳು ತೆಗೆಸಿಲ್ಲ, ಕೂರಬಹುದಾದದ್ದೇ ಕೂತಿಲ್ಲ ಅಂತ ಅರ್ಥ. ಒಂದು ರಾತ್ರಿ ಕಳೆದರೂ ನೀರು ಚಹಾದ ಬಣ್ಣದಲ್ಲೇ ಇದ್ದರೆ ಅದು ಜೇಡಿ. ಅದಕ್ಕೆ ಎಷ್ಟು ದೊಡ್ಡ ಹೊಂಡ ಮಾಡಿದರೂ ಸಾಲುವುದಿಲ್ಲ. ಕಣಗಳನ್ನು ಗಂಟು ಕಟ್ಟಿಸುವ ರಾಸಾಯನಿಕ ಬೇಕಾಗುತ್ತದೆ. ಅದನ್ನು ಹಾಕುವುದಕ್ಕೂ ಲೆಕ್ಕ ಇದೆ. ಜಾಸ್ತಿ ಸುರಿದರೆ ಮಿಕ್ಕದ್ದು ನೀರಿನಲ್ಲೇ ಉಳಿಯುತ್ತದೆ, ಕೆಲವು ಬಗೆಯವು ಮೀನಿನ ಕಿವಿರಿಗೆ ಅಂಟಿ ಕೊಲ್ಲುತ್ತವೆ. ಯಾವುದು ಹಾಕುತ್ತೀರಿ, ಎಷ್ಟು ಹಾಕುತ್ತೀರಿ ಅಂತ ಅರ್ಜಿಯಲ್ಲೇ ಬರೆಸಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಹೋಗಿ ಒಣಗಿದ ಹೊಂಡದ ಫೋಟೋ ತೆಗೆದು ಬಂದರೆ ಇದ್ಯಾವುದೂ ತಿಳಿಯುವುದಿಲ್ಲ.

ಈಗ ಆ ಹೊಂಡದ ತಳ. ತಳದಿಂದ ನೀರು ಇಂಗುವ ಹೊಂಡವಾಗಿದ್ದರೆ ನುಣ್ಣನೆ ಹೂಳು ಅದರ ತಳವನ್ನು ಮುಚ್ಚುತ್ತಾ ಬರುತ್ತದೆ. ಮೊದಲ ವರ್ಷ ಗಟಗಟ ಕುಡಿದ ಹೊಂಡ ಮೂರನೇ ವರ್ಷಕ್ಕೆ ತುಂಬಿ ಉಕ್ಕುತ್ತದೆ. ಆಗ ಏನು ಮಾಡುತ್ತಾರೆ? ಹಿಟಾಚಿ ತಂದು ಇನ್ನೆರಡು ಮೀಟರ್ ಕೆರೆಯುತ್ತಾರೆ. ಮತ್ತೆ ಸಲೀಸಾಗಿ ಇಂಗುತ್ತದೆ. ಎಲ್ಲರಿಗೂ ಖುಷಿ. ಆದರೆ ಆ ಎರಡು ಮೀಟರ್ ಇಳಿದದ್ದು ಎಲ್ಲಿಗೆ? ಅಂತರ್ಜಲದ ಹತ್ತಿರಕ್ಕೆ. ಮಳೆನೀರಿನ ಅಧ್ಯಾಯದಲ್ಲಿ ಇದಕ್ಕೆ ‘ನಿರ್ವಹಣೆ’ ಅನ್ನುತ್ತಾರೆ. ಅಂತರ್ಜಲದ ಅಧ್ಯಾಯದಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಎರಡನ್ನೂ ಒಬ್ಬರೇ ಓದಬೇಕು ಅಂತ ನಾನು ಹಟ ಹಿಡಿಯುವುದು ಇಂಥದ್ದಕ್ಕೇ.

ಕ್ವಾರಿ ಬರುವ ಮುಂಚೆ ಆ ನೆಲದ ಮೇಲೆ ಮಣ್ಣಿತ್ತು. ಬೇರು, ಹುಳು, ಜೇಡಿ, ಸೂಕ್ಷ್ಮಜೀವಿ ಎಲ್ಲ ಇದ್ದ ಮಣ್ಣು. ಅದರ ಕೆಳಗೆ ಹಲವು ಮೀಟರ್ ಒಣ ಜಲ್ಲಿ. ಮಳೆನೀರು ಇವೆಲ್ಲದರ ಮೂಲಕ ನಿಧಾನವಾಗಿ ಇಳಿಯುವಾಗ ರೋಗಾಣುಗಳಲ್ಲಿ ಬಹುಪಾಲು ಅಲ್ಲೇ ಸಿಕ್ಕಿಕೊಂಡು ಸಾಯುತ್ತಿದ್ದವು, ಎಣ್ಣೆಯ ಅಂಶ ಅಂಟಿಕೊಳ್ಳುತ್ತಿತ್ತು. ಕ್ವಾರಿಯವರು ಮೊದಲು ತೆಗೆಯುವುದೇ ಆ ಮಣ್ಣನ್ನು. ಆಮೇಲೆ ಒಣ ಜಲ್ಲಿಯನ್ನು. ಹಾಗಾಗಿ ಅಂತರ್ಜಲದ ಮೇಲೆ ಎಷ್ಟು ದಪ್ಪದ ಒಣ ಪದರ ಉಳಿಸುತ್ತೀರಿ ಅನ್ನುವುದು ಇಡೀ ಅರ್ಜಿಯಲ್ಲೇ ದೊಡ್ಡ ಪ್ರಶ್ನೆ.

ಉತ್ತರವೇನೋ ಬರೆದಿರುತ್ತಾರೆ, ‘ಅಂತರ್ಜಲಕ್ಕಿಂತ ಇಷ್ಟು ಮೀಟರ್ ಮೇಲೆ ಅಗೆತ ನಿಲ್ಲಿಸುತ್ತೇವೆ’ ಅಂತ. ಯಾವ ತಿಂಗಳ ಅಂತರ್ಜಲ? ಬೇಸಿಗೆಯ ಕೊನೆಯಲ್ಲಿ ಅಳೆದರೆ ನೀರು ಆಳದಲ್ಲಿರುತ್ತದೆ, ಅಗೆಯಲು ಜಾಸ್ತಿ ಜಲ್ಲಿ ಸಿಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ನೀರು ಎಷ್ಟೋ ಮೀಟರ್ ಮೇಲೆ ಬಂದು ಕ್ವಾರಿಯ ನೆಲದ ಮೇಲೆ ನಿಂತಿರುತ್ತದೆ. ಆಗ ಅದನ್ನು ‘ಮಳೆನೀರು ನಿಂತಿದೆ’ ಅಂತ ಕರೆದು ಪಂಪು ಹಚ್ಚುತ್ತಾರೆ. ಮಳೆ ನಿಂತು ವಾರ ಕಳೆದರೂ ಪಂಪು ಆಫ್ ಮಾಡಿದೊಡನೆ ನೀರು ಮತ್ತೆ ಅದೇ ಮಟ್ಟಕ್ಕೆ ಏರುತ್ತಿದ್ದರೆ ಅದು ಮಳೆನೀರಲ್ಲ, ಒರತೆ. ಇದನ್ನು ಕಂಡುಹಿಡಿಯಲು ಪಂಡಿತರು ಬೇಕಿಲ್ಲ. ಪಂಪು ನಿಲ್ಲಿಸಿ ಒಂದು ದಿನ ಕಾದರೆ ಸಾಕು.

ಆದ್ದರಿಂದ ನನ್ನ ಮೊದಲ ಬೇಡಿಕೆ ಇದು. ಅಗೆತ ಶುರುವಾಗುವ ಮುಂಚೆ ಕನಿಷ್ಠ ಒಂದು ಪೂರ್ತಿ ವರ್ಷ, ಮಳೆಗಾಲ ಬೇಸಿಗೆ ಎರಡೂ ಸೇರಿ, ಅಂತರ್ಜಲದ ಮಟ್ಟ ಅಳೆದ ದಾಖಲೆ ಇರಬೇಕು. ಆ ವರ್ಷ ಮಳೆ ಕಡಿಮೆಯಾಗಿದ್ದರೆ ಇನ್ನೊಂದು ವರ್ಷ ಕಾಯಲಿ. ಕ್ವಾರಿಯ ತಳವನ್ನು ಅತಿ ಎತ್ತರದ ಮಟ್ಟದಿಂದಲೇ ಲೆಕ್ಕ ಹಾಕಬೇಕು. ಅಳೆಯುವ ಬಾವಿಗಳು ಮೂರಕ್ಕಿಂತ ಕಡಿಮೆ ಇರಬಾರದು, ಅವೂ ಒಂದೇ ಗೆರೆಯಲ್ಲಿರಬಾರದು. ಎರಡು ಬಾವಿಯಿಂದ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಅಂತ ಹೇಳಲು ಬರುವುದಿಲ್ಲ. ಮೂರು ಬೇಕೇ ಬೇಕು. ಮೇಲ್ಗಡೆ ಒಂದಾದರೂ ಇರಲಿ, ಕೆಳಗಡೆ ಎರಡಾದರೂ ಇರಲಿ.

ಅಳತೆ ಹೇಗೆ ಕೆಡುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಾವಿಯ ಕೊಳವೆ ನೆಲದಿಂದ ಅರ್ಧ ಮೀಟರ್ ಮೇಲೆ ಬಂದಿರುತ್ತದೆ. ಒಬ್ಬರು ಕೊಳವೆಯ ಬಾಯಿಂದ ಟೇಪು ಇಳಿಸಿ ಅಳೆಯುತ್ತಾರೆ, ಮುಂದಿನ ತಿಂಗಳು ಬಂದ ಇನ್ನೊಬ್ಬರು ನೆಲದಿಂದ ಅಳೆಯುತ್ತಾರೆ. ಕಾಗದದ ಮೇಲೆ ನೀರು ಅರ್ಧ ಮೀಟರ್ ಏರಿತು! ಕೆಲವೊಮ್ಮೆ ಯಾವುದೋ ಟಿಪ್ಪರ್ ಹಿಮ್ಮುಖವಾಗಿ ಬಂದು ಕೊಳವೆಗೆ ಗುದ್ದಿರುತ್ತದೆ, ಅದನ್ನು ಕತ್ತರಿಸಿ ಗಿಡ್ಡ ಮಾಡಿರುತ್ತಾರೆ, ಹೊಸ ಎತ್ತರ ಬರೆದಿರುವುದಿಲ್ಲ. ಅದಕ್ಕೇ ಕೊಳವೆಯ ಬಾಯಿಯ ಮೇಲೆ ಬಣ್ಣದ ಗುರುತು ಬೇಕು, ಆ ಗುರುತಿನ ಎತ್ತರವನ್ನು ಸರ್ವೆ ಮಾಡಿ ಬರೆದಿರಬೇಕು, ಎಲ್ಲ ಬಾವಿಗೂ ಒಂದೇ ಆಧಾರ ಮಟ್ಟ ಇರಬೇಕು. ಸಣ್ಣ ವಿಷಯ ಅನ್ನಿಸಬಹುದು. ಆದರೆ ನಾಳೆ ಯಾರದೋ ಬಾವಿ ಬತ್ತಿದಾಗ ಎರಡೂ ಕಡೆಯವರು ಜಗಳವಾಡುವುದು ಈ ಅರ್ಧ ಮೀಟರಿಗೇ.

ಕೆಲವು ಕ್ವಾರಿಗಳು ಅಂತರ್ಜಲದ ಕೆಳಗೂ ಅಗೆಯುತ್ತವೆ. ಅದಕ್ಕೆ ಎರಡು ದಾರಿ. ಒಂದು, ಪಂಪು ಹಚ್ಚಿ ಗುಂಡಿ ಒಣಗಿಸಿ ಅಗೆಯುವುದು. ಇನ್ನೊಂದು, ನೀರು ಇದ್ದ ಹಾಗೇ ಇರಲಿ ಅಂತ ಬಿಟ್ಟು ನೀರೊಳಗಿಂದಲೇ ಎತ್ತುವುದು. ಒಣಗಿಸಿ ಅಗೆಯುವುದು ನೋಡಲು ಅಚ್ಚುಕಟ್ಟು. ಆದರೆ ಸೆಕೆಂಡಿಗೆ 50 ಲೀಟರಿನ ಪಂಪು ದಿನವಿಡೀ ಓಡಿದರೆ 43 ಲಕ್ಷ ಲೀಟರಿಗೂ ಜಾಸ್ತಿ ನೀರು ಹೊರಗೆ. ಜಲ್ಲಿ ಪದರದಲ್ಲಿ ಇದರ ಪೆಟ್ಟು ಆಳಕ್ಕಿಂತ ಅಗಲಕ್ಕೆ ಹೋಗುತ್ತದೆ. ನೀರು ಸಲೀಸಾಗಿ ಹರಿಯುವುದರಿಂದ ಪಕ್ಕದ ಬಾವಿ ಒಮ್ಮೆಲೇ ಬತ್ತದೆ ಇರಬಹುದು, ಆದರೆ ತುಂಬಾ ದೂರದ ಬಾವಿಗಳೂ ಸ್ವಲ್ಪ ಸ್ವಲ್ಪ ಇಳಿಯುತ್ತವೆ. ಆಳವಿಲ್ಲದ ತೆರೆದ ಬಾವಿಯಿದ್ದವರಿಗೆ ಆ ‘ಸ್ವಲ್ಪ’ವೇ ಸಾಕು. ಜೌಗು ಜಾಗಕ್ಕೆ, ಬೇಸಿಗೆಯಲ್ಲೂ ಹರಿಯುವ ಸಣ್ಣ ಹಳ್ಳಕ್ಕೆ ಅಷ್ಟೂ ಬೇಡ.

ನನ್ನನ್ನು ಕೇಳಿದರೆ, ಆಗುವ ಕಡೆಯೆಲ್ಲ ಒಣಗಿಸದೆ ಅಗೆಯುವುದೇ ವಾಸಿ. ಒಣಗಿಸಲೇಬೇಕಾದರೆ ಎತ್ತಿದ ನೀರನ್ನು ಹಳ್ಳಕ್ಕೆ ಬಿಟ್ಟು ಕೈ ತೊಳೆದುಕೊಳ್ಳುವ ಬದಲು, ತಿಳಿಯಾಗಿಸಿ ಕ್ವಾರಿಗೂ ಬಾವಿಗಳಿಗೂ ನಡುವೆ ಇಂಗಿಸುವ ಕಾಲುವೆಗೆ ಬಿಡಲಿ. ಸ್ವಲ್ಪ ನೀರು ಸುತ್ತಿ ಮತ್ತೆ ಗುಂಡಿಗೇ ಬರುತ್ತದೆ, ಕರೆಂಟು ಬಿಲ್ಲು ಏರುತ್ತದೆ ಅಂತ ಮಾಲೀಕರು ಗೊಣಗುತ್ತಾರೆ. ಅವರ ಮಾತೂ ಸುಳ್ಳಲ್ಲ. ಆದರೆ ಬಾವಿಗಳ ಮಟ್ಟ ನಿಲ್ಲುತ್ತದೆ.

ಪಂಪೇ ಇಲ್ಲದಿದ್ದರೂ ಬಾವಿ ಇಳಿಯಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನೆಲದೊಳಗಿನ ನೀರಿನ ಮಟ್ಟ ಇಳಿಜಾರಾಗಿರುತ್ತದೆ. ಕೆರೆಯ ನೀರು ಮಟ್ಟಸವಾಗಿರುತ್ತದೆ. ಅಂತರ್ಜಲದ ಕೆಳಗೆ ಅಗೆದ ಕ್ವಾರಿ ನೀರು ತುಂಬಿ ಕೆರೆಯಾದಾಗ ಆ ಇಳಿಜಾರಿನ ನಡುವೆ ಒಂದು ಮಟ್ಟಸ ತುಂಡು ಕೂತ ಹಾಗೆ. ನೀರು ಹರಿಯುವ ದಿಕ್ಕಿಗೆ ಕೆರೆ 400 ಮೀಟರ್ ಉದ್ದ, ಇಳಿಜಾರು 200ಕ್ಕೆ 1 ಅಂದರೆ ಎರಡು ತುದಿಗೆ 2 ಮೀಟರ್ ವ್ಯತ್ಯಾಸವಿತ್ತು. ಕೆರೆ ನಡುವಿನ ಮಟ್ಟಕ್ಕೆ ನಿಲ್ಲುತ್ತದೆ ಅಂದುಕೊಂಡರೆ ಮೇಲ್ಗಡೆಯ ದಂಡೆಯಲ್ಲಿ ನೀರು ಸುಮಾರು 1 ಮೀಟರ್ ಇಳಿಯುತ್ತದೆ, ಕೆಳಗಡೆಯ ದಂಡೆಯಲ್ಲಿ ಸುಮಾರು 1 ಮೀಟರ್ ಏರುತ್ತದೆ. ಮೇಲಿನವರ ಬಾವಿ ಬತ್ತುತ್ತದೆ, ಕೆಳಗಿನವರ ನೆಲಮಾಳಿಗೆ ಒದ್ದೆಯಾಗುತ್ತದೆ. ಇಬ್ಬರೂ ದೂರು ಕೊಟ್ಟರೆ ಕಚೇರಿಯಲ್ಲಿ ‘ಒಬ್ಬರು ನೀರಿಲ್ಲ ಅಂತಾರೆ, ಇನ್ನೊಬ್ಬರು ನೀರು ಜಾಸ್ತಿ ಅಂತಾರೆ’ ಅಂತ ತಮಾಷೆಯಾಗುತ್ತದೆ. ಇಬ್ಬರೂ ಹೇಳುತ್ತಿರುವುದು ನಿಜ. ಕಾಲ ಕಳೆದ ಹಾಗೆ ಕೆಳಗಡೆಯ ದಂಡೆಗೆ ಹೂಳು ಮೆತ್ತಿಕೊಂಡು ನೀರು ಹೊರಹೋಗುವುದು ನಿಧಾನವಾಗುತ್ತದೆ, ಕೆರೆಯ ಮಟ್ಟ ಏರುತ್ತದೆ. ಜಲ್ಲಿ ತೊಳೆದ ರಾಡಿಯನ್ನು ಅದೇ ಕೆರೆಗೆ ಬಿಟ್ಟಿದ್ದರಂತೂ ಇದು ಇನ್ನೂ ಬೇಗ. ಉದ್ದವಾದ ಒಂದು ಕೆರೆಯ ಬದಲು ನಡುವೆ ದಪ್ಪ ದಿಬ್ಬ ಬಿಟ್ಟು ಮೆಟ್ಟಿಲಿನಂತೆ ಎರಡು ಮೂರು ಕೆರೆ ಮಾಡಿದರೆ ಈ ಏರಿಳಿತ ಹಂಚಿಹೋಗುತ್ತದೆ. ದಿಬ್ಬದಲ್ಲಿ ಉಳಿದ ಜಲ್ಲಿ ಮಾಲೀಕರಿಗೆ ನಷ್ಟ. ಚೌಕಾಸಿ ಅಲ್ಲೇ ನಡೆಯಬೇಕು.

ತೆರೆದ ನೀರು ಆವಿಯಾಗುವುದೂ ಲೆಕ್ಕಕ್ಕೆ ಬರಬೇಕು. ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾಗುವ ಬಿಸಿಲಿನ ಪ್ರದೇಶದಲ್ಲಿ ಹತ್ತು ಹೆಕ್ಟೇರಿನ ಕೆರೆಯಿಂದ 15 ಕೋಟಿ ಲೀಟರ್ ಹೋಗುತ್ತದೆ. ಕೆರೆಯ ಮೇಲೆ ಬಿದ್ದ ಮಳೆ ಅದರಲ್ಲಿ ಸ್ವಲ್ಪವನ್ನೋ ಪೂರ್ತಿಯನ್ನೋ ತುಂಬಬಹುದು. ಯಾವುದು ಅಂತ ಅರ್ಜಿಯಲ್ಲಿ ಕಾಣಿಸಲಿ.

ಡೀಸೆಲ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಟ್ಯಾಂಕಿನ ಸುತ್ತ ಕಟ್ಟೆ ಇರಬೇಕು, ಅದು ಟ್ಯಾಂಕಿನ ಪೂರ್ತಿ ಎಣ್ಣೆ ಹಿಡಿದು ಇನ್ನೂ ಹತ್ತು ಪರ್ಸೆಂಟ್ ಜಾಗ ಉಳಿಸಬೇಕು, ಇದು ಬಹಳ ಕಡೆ ರೂಢಿಯಲ್ಲಿರುವ ನಿಯಮ. ಗಮನಿಸಬೇಕಾದದ್ದು ಕಟ್ಟೆಯ ಮೂಲೆಯ ವಾಲ್ವು. ಮಳೆಗೆ ಕಟ್ಟೆಯೊಳಗೆ ನೀರು ತುಂಬುತ್ತದೆ, ಅದನ್ನು ಬಿಡಲು ವಾಲ್ವು ತಿರುಗಿಸುತ್ತಾರೆ, ಮುಚ್ಚಲು ಮರೆಯುತ್ತಾರೆ. ಆಮೇಲೆ ಆ ಕಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಪಾಸಣೆಗೆ ಹೋದಾಗ ಮೊದಲು ಆ ವಾಲ್ವನ್ನು ಕೈಯಲ್ಲಿ ಮುಟ್ಟಿ ನೋಡಿ. ಗಾಡಿಗೆ ಎಣ್ಣೆ ತುಂಬುವುದು, ರಿಪೇರಿ ಮಾಡುವುದು ಗುಂಡಿಯ ಒಳಗೆ ಬೇಡ, ಮೇಲೆ ಆಗಲಿ.

ಕ್ವಾರಿಯೊಳಗೇ ಕಾಂಕ್ರೀಟ್ ಪ್ಲಾಂಟ್ ಇಟ್ಟುಕೊಂಡರೆ ಇನ್ನೊಂದು ತೊಂದರೆ. ಸಿಮೆಂಟು ತೊಳೆದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 12ರ ಆಸುಪಾಸು. ಕುಡಿಯುವ ನೀರಿಗೆ ಸಾಮಾನ್ಯವಾಗಿ ಒಪ್ಪುವುದು 6.5ರಿಂದ 8.5. ಒಂದೊಂದು ಅಂಕಿಗೂ ಹತ್ತು ಪಟ್ಟು ಅಂತ ನೆನಪಿಡಿ. ಆ ನೀರು ನೋಡಲು ತಿಳಿಯಾಗಿಯೇ ಇರಬಹುದು, ಗಾಜಿನ ಬಾಟಲಿಯ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೆ ಪಿಎಚ್ ಕಾಗದ ಬೇಕು. ಒಡೆದ ಹಳೆ ಕಾಂಕ್ರೀಟನ್ನು ಕ್ವಾರಿಯಲ್ಲಿ ಗುಡ್ಡೆ ಹಾಕಿದ್ದರೂ ಅದರ ಮೇಲೆ ಬಿದ್ದ ಮಳೆ ಹೀಗೇ ಆಗುತ್ತದೆ.

ಹೊಳೆಯ ಪಕ್ಕದ ಕ್ವಾರಿಗಳ ವಿಚಾರ ಪ್ರತ್ಯೇಕವಾಗಿ ನೋಡಿ. 1996ರ ಫೆಬ್ರವರಿಯ ನೆರೆಯಲ್ಲಿ ಅಮೆರಿಕದ ಆರಿಗನ್ ರಾಜ್ಯದ ಕ್ಲಾಕಮಸ್ ನದಿ ಪಕ್ಕದ ಜಲ್ಲಿ ಗುಂಡಿಗೆ ನುಗ್ಗಿ ತನ್ನ ಪಾತ್ರವನ್ನೇ ಬದಲಿಸಿತು. ಅದೇ ವರ್ಷ ನವೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಈಸ್ಟ್ ಫೋರ್ಕ್ ಲೂಯಿಸ್ ನದಿ ಸಾಲಾಗಿದ್ದ ಜಲ್ಲಿ ಕೆರೆಗಳ ಮೂಲಕ ಹೊಸ ದಾರಿ ಮಾಡಿಕೊಂಡಿತು. ಹೀಗಾದಾಗ ಹೊಳೆ ತಂದ ಜಲ್ಲಿಯೆಲ್ಲ ಗುಂಡಿಯಲ್ಲಿ ಕೂರುತ್ತದೆ, ಕೆಳಗಿನ ಪಾತ್ರಕ್ಕೆ ಹೋಗುವುದಿಲ್ಲ. ಮೇಲ್ಗಡೆ ಹೊಳೆಯ ತಳ ಕೊರೆಯುತ್ತಾ ಹೋಗುತ್ತದೆ, ಅದರ ಜೊತೆ ಸುತ್ತಲ ಅಂತರ್ಜಲವೂ ಇಳಿಯುತ್ತದೆ, ಸೇತುವೆಯ ಬುಡ ಬರಿದಾಗುತ್ತದೆ. ಹೊಳೆಗೂ ಗುಂಡಿಗೂ ನಡುವೆ ಬಿಟ್ಟ ದಂಡೆ ಇವತ್ತಿನ ನೀರಿಗೆ ಸಾಕಾದರೆ ಆಗಲಿಲ್ಲ. ಕ್ವಾರಿ ಮುಚ್ಚಿದ ಮೇಲೂ ಆ ಗುಂಡಿ ಅಲ್ಲೇ ಇರುತ್ತದೆ, ಆಗ ದಂಡೆ ರಿಪೇರಿ ಮಾಡುವವರು ಯಾರು?

ಮುಚ್ಚುವ ಮಾತು ಬಂತಲ್ಲ, ನನ್ನ ಉಳಿದ ಬೇಡಿಕೆಗಳನ್ನು ಅಲ್ಲಿಂದಲೇ ಹೇಳುತ್ತೇನೆ. ಖಾಲಿ ಗುಂಡಿ ಕಂಡರೆ ಕಸ ಸುರಿಯುವ ಆಸೆ ಎಲ್ಲರಿಗೂ ಬರುತ್ತದೆ. ಒಡೆದ ಕಟ್ಟಡದ ಅವಶೇಷ ‘ಬರೀ ಮಣ್ಣು’ ಅಂತ ಬರುತ್ತದೆ, ಒಳಗೆ ಜಿಪ್ಸಮ್ ಬೋರ್ಡು, ಬಣ್ಣದ ಡಬ್ಬ, ಡಾಂಬರು ಎಲ್ಲ ಇರುತ್ತದೆ. ಜಲ್ಲಿ ತೆಗೆದ ಗುಂಡಿಗೆ ಹೊರಗಿನಿಂದ ಏನೇ ತಂದು ತುಂಬಿದರೂ ಅದು ಎಲ್ಲಿಂದ ಬಂತು ಅನ್ನುವ ಚೀಟಿ ಲೋಡಿಗೊಂದು ಇರಲಿ. ಅಂತರ್ಜಲದ ಮಟ್ಟದ ಕೆಳಗಂತೂ ಅದೇ ಜಾಗದ ಮಣ್ಣು-ಮರಳು ಬಿಟ್ಟು ಬೇರೇನೂ ಬೇಡ. ಮೊದಲು ಕೆರೆದು ತೆಗೆದ ಮೇಲ್ಮಣ್ಣನ್ನು ಮಾರಲು ಬಿಡಬೇಡಿ. ಅದು ವಾಪಸು ಹಾಸಲು ಬೇಕು.

ಕ್ವಾರಿ ಮಾಲೀಕರ ಠೇವಣಿ ಹಣವನ್ನು ಕೊನೆಯ ಟಿಪ್ಪರ್ ಹೊರಟ ದಿನ ಹಿಂದಿರುಗಿಸಬೇಡಿ. ಪಂಪು ನಿಂತ ಮೇಲೆ ನೀರು ತನ್ನ ಮಟ್ಟಕ್ಕೆ ಬರಲು ಸಮಯ ಹಿಡಿಯುತ್ತದೆ. ಕನಿಷ್ಠ ಎರಡು ಮಳೆಗಾಲ ಕಳೆಯಲಿ, ಬಾವಿಗಳ ಅಳತೆ ಬರಲಿ, ಆಮೇಲೆ ನೋಡೋಣ. ಅಲ್ಲಿಯವರೆಗೆ ಅಳೆಯುವ ಖರ್ಚೂ ಅವರದೇ.

ಇನ್ನು ಲೆಕ್ಕದ ಪುಸ್ತಕ. ಒಂದು ಕ್ವಾರಿಗೆ ಒಂದೇ ನೀರಿನ ಪುಸ್ತಕ ಇರಲಿ. ಎಷ್ಟು ಮಳೆ ಬಂತು, ಎಷ್ಟು ಇಂಗಿಸಿದರು, ಎಷ್ಟು ಪಂಪು ಮಾಡಿದರು, ಜಲ್ಲಿ ತೊಳೆಯಲು ಎಷ್ಟು ಬಳಸಿ ಎಷ್ಟನ್ನು ತಿರುಗಿ ಬಳಸಿದರು, ಪ್ರತಿ ಬಾವಿಯ ಮಟ್ಟ ಎಷ್ಟು, ಎಲ್ಲ ಒಂದೇ ಪುಟದಲ್ಲಿ, ತಿಂಗಳು ತಿಂಗಳು. ಅದನ್ನು ನಿಮ್ಮ ಕಪಾಟಿನಲ್ಲಿ ಇಡಬೇಡಿ, ಸುತ್ತಲಿನವರು ಯಾವಾಗ ಬೇಕಾದರೂ ನೋಡುವ ಹಾಗೆ ಪ್ರಕಟಿಸಿ. ಪ್ರಾಮಾಣಿಕವಾಗಿ ಕ್ವಾರಿ ನಡೆಸುವವರಿಗೆ ಇದರಿಂದ ಲಾಭವೇ. ಬರದ ವರ್ಷದಲ್ಲಿ ಬಾವಿ ಇಳಿದಾಗ, ಕ್ವಾರಿಯ ಮೇಲ್ಗಡೆ ದೂರದಲ್ಲಿರುವ ಬಾವಿಯೂ ಅಷ್ಟೇ ಇಳಿದಿದೆ, ಇದು ನಮ್ಮಿಂದಲ್ಲ ಅಂತ ತೋರಿಸಲು ಅವರ ಕೈಯಲ್ಲಿ ದಾಖಲೆ ಇರುತ್ತದೆ. ಈಗ ಅವರ ಬಳಿಯೂ ಅದಿಲ್ಲ, ಊರಿನವರ ಬಳಿಯೂ ಇಲ್ಲ.

ಮುಂದಿನ ಅರ್ಜಿಯ ವಿಚಾರಣೆಯನ್ನು ದಯವಿಟ್ಟು ಮಳೆಗಾಲದಲ್ಲಿ ಇಡಿ. ಸ್ಥಳ ಪರಿಶೀಲನೆಯೂ ಆಗಲೇ ಆಗಲಿ. ಮಳೆನೀರಿನ ವರದಿ ಬರೆದವರನ್ನೂ ಅಂತರ್ಜಲದ ವರದಿ ಬರೆದವರನ್ನೂ ಒಂದೇ ಮೇಜಿಗೆ ಕರೆಸಿ, ಇಂಗುವ ಹೊಂಡದ ತಳ ಯಾವ ಮಟ್ಟದಲ್ಲಿದೆ, ಮಳೆಗಾಲದ ಅಂತರ್ಜಲ ಯಾವ ಮಟ್ಟದಲ್ಲಿದೆ ಅಂತ ಇಬ್ಬರನ್ನೂ ಕೇಳಿ. ಎರಡೂ ಸಂಖ್ಯೆಗಳನ್ನು ಒಂದೇ ಆಧಾರ ಮಟ್ಟದಿಂದ ಹೇಳಲು ಅವರಿಗೆ ಆಗದಿದ್ದರೆ, ಅರ್ಜಿಯನ್ನು ವಾಪಸು ಕಳಿಸಿ.

ಇಂತಿ,
ಕ್ವಾರಿಯ ಕೆಳಗಡೆ ಬಾವಿಯಿರುವ ಒಬ್ಬ ನಾಗರಿಕ